ಪಿಸ್ತೂಲಿನ ಕುದುರೆಯನ್ನು ಹಗುರ ಮಾಡುವುದು



ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳಿಕೊಂಡು ಬಂದಿರುವ ನನ್ನಂಥವನಿಗೂ ಪಿಸ್ತೂಲಿಗೂ ಏನು ನಂಟು ಎಂದು ನೀವು ಕೇಳಿದರೆ ತಪ್ಪಲ್ಲ. ನಾನು ಆ ವಸ್ತುವನ್ನು ಕೈಯಲ್ಲಿ ಹಿಡಿದವನಲ್ಲ. ಚುನಾವಣೆಯ ಕೆಲಸಕ್ಕೆ ಹೋದಾಗ ಪೋಲೀಸು ಅಧಿಕಾರಿಗಳ ಸೊಂಟದಲ್ಲಿ ಕಂಡದ್ದುಂಟು, ಅಷ್ಟೆ. ಆದರೂ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವಂತಾದದ್ದು ಒಂದು ಕಾಗದದಿಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕಾದ ಟೆಕ್ಸಾಸ್ ಸಂಸ್ಥಾನದಲ್ಲಿದ್ದಾನೆ. ಕಂಪ್ಯೂಟರಿನ ಕೆಲಸ, ಸ್ವಂತ ಮನೆ, ಆರು ವರ್ಷದ ಮಗಳು. ಆ ಮಗುವಿಗೆ ವಾರಕ್ಕೊಮ್ಮೆ ಕನ್ನಡ ಪಾಠ ಹೇಳುತ್ತಾನೆ. ಸಂಶಯ ಬಂದಾಗ ನನಗೆ ಬರೆಯುತ್ತಾನೆ. ಈ ಸಲ ಅವನು ಕೇಳಿದ್ದು ಒಂದೇ ಒಂದು ಪದ: 'ಸಾರ್, ಟ್ರಿಗರ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮಗಳು ಕೇಳಿದಳು, ನನಗೆ ತೋಚಲಿಲ್ಲ.' ಮಗು ಕೇಳಿದ ಸಂದರ್ಭವನ್ನೂ ಬರೆದಿದ್ದ. ಅವನು ಒಂದು ಪಿಸ್ತೂಲು ಕೊಂಡಿದ್ದಾನಂತೆ. ಅದರ ಟ್ರಿಗರು ಅಂಗಡಿಯಿಂದ ಬಂದಾಗ ಗಡುಸಾಗಿತ್ತಂತೆ. ಬೇರೊಂದು ಕಂಪನಿಯವರು ಮಾಡಿ ಮಾರುವ ಬಿಡಿಭಾಗಗಳ ಪೊಟ್ಟಣವನ್ನು ಅಂಚೆಯಲ್ಲಿ ತರಿಸಿ, ವೀಡಿಯೋ ನೋಡಿಕೊಂಡು, ಊಟದ ಮೇಜಿನ ಮೇಲೆ ಒಂದು ಗಂಟೆಯೊಳಗೆ ತಾನೇ ಜೋಡಿಸಿದನಂತೆ. 'ಈಗ ಬೆಣ್ಣೆಯಂತಿದೆ ಸಾರ್' ಎಂಬ ಮಾತನ್ನು ಬಹಳ ಹೆಮ್ಮೆಯಿಂದ ಬರೆದಿದ್ದ.

ಪದವನ್ನು ನಾನು ಅಂದೇ ಬರೆದು ಕಳುಹಿಸಿದೆ. ಕನ್ನಡದಲ್ಲಿ ಅದಕ್ಕೆ 'ಕುದುರೆ' ಎನ್ನುತ್ತಾರೆ. ಹಳೆಯ ಕೋವಿಯ ಮೇಲೆ ತಲೆಯೆತ್ತಿ ನಿಂತು, ಬಿಟ್ಟೊಡನೆ ಮುನ್ನುಗ್ಗಿ ಬಡಿಯುವ ಕೀಲಿಗೂ, ಅದನ್ನು ಬಿಡಿಸಲು ಬೆರಳು ಎಳೆಯುವ ಕೀಲಿಗೂ ನಮ್ಮ ಜನ ಇದೇ ಹೆಸರನ್ನು ಹೇಳಿಬಿಟ್ಟರು. ಇಂಗ್ಲಿಷಿನ ಟ್ರಿಗರು ಡಚ್ಚರ 'ಟ್ರೆಕ್ಕರ್' ಎಂಬ ಮಾತಿನಿಂದ ಬಂದದ್ದು. ಎಳೆಯುವುದು ಎಂದಷ್ಟೇ ಅದರ ಅರ್ಥ. ನಮ್ಮ ಮಾತಿನಲ್ಲಿ ಜೀವವಿದೆ, ಲಗಾಮಿನ ನೆನಪೂ ಇದೆ.

ಪದ ಕಳುಹಿಸಿ ಮಲಗಿದವನಿಗೆ ನಿದ್ದೆ ಹತ್ತಲಿಲ್ಲ. ಊಟದ ಮೇಜು, ಪಕ್ಕದಲ್ಲಿ ಪ್ರಶ್ನೆ ಕೇಳುತ್ತ ನಿಂತ ಮಗು, ಬೆಣ್ಣೆಯಂತಾದ ಕುದುರೆ! ಬೆಳಗಾದೊಡನೆ ನಮ್ಮ ಬೀದಿಯ ಕೊನೆಯಲ್ಲಿರುವ ಹಿರಿಯರೊಬ್ಬರ ಮನೆಗೆ ಹೋದೆ. ಅವರು ಪೋಲೀಸು ಶಸ್ತ್ರಾಗಾರದಲ್ಲಿ ಬಂದೂಕು ಪಿಸ್ತೂಲುಗಳ ರಿಪೇರಿ ನೋಡಿಕೊಂಡು ನಿವೃತ್ತರಾದವರು. ಕಾಗದ ಓದಿ ಹೇಳಿದಾಗ ಅವರು ನಗಲಿಲ್ಲ. 'ಪಂಡಿತರೇ, ಹಗುರವಾಯಿತು ಅಂತ ಬರೆದಿದಾನೆ. ಎಲ್ಲಿಂದ ಹಗುರವಾಯಿತು ಅಂತ ಬರೆದಿದಾನೆಯೆ?' ಎಂದರು. ಆ ಪ್ರಶ್ನೆಯ ಬೆನ್ನು ಹತ್ತಿ ಎರಡು ತಿಂಗಳು ಓದಿದ್ದರ, ಅವರಿಂದ ಕೇಳಿದ್ದರ ಸಾರ ಮುಂದಿನದು.

ಮೊದಲು ಯಂತ್ರದ ಒಳಗನ್ನು ಸ್ವಲ್ಪ ನೋಡೋಣ. ತೋಟಾದ ಹಿಂಭಾಗದಲ್ಲಿ ಒಂದು ಪುಟ್ಟ ಕೇಪು ಇರುತ್ತದೆ. ಒಂದು ಮೊಳೆ ಅದನ್ನು ಕುಟ್ಟಿದರೆ ಕಿಡಿ ಹುಟ್ಟಿ, ಒಳಗಿನ ಮದ್ದು ಉರಿದು, ಗುಂಡು ನಳಿಗೆಯಿಂದ ಹಾರುತ್ತದೆ. ಮೊಳೆಯನ್ನು ಮುಂದಕ್ಕೆ ತಳ್ಳುವುದು ಕೆಲವು ಪಿಸ್ತೂಲುಗಳಲ್ಲಿ ಸುತ್ತಿಗೆಯಂಥ ಒಂದು ಭಾಗ, ಕೆಲವುಗಳಲ್ಲಿ ಬಿಗಿದ ಸ್ಪ್ರಿಂಗು. ಎರಡರಲ್ಲಿಯೂ, ಹೊಡೆಯಲು ಸಿದ್ಧವಾಗಿರುವ ಆ ಶಕ್ತಿಯನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ತಡೆಕೊಕ್ಕೆ. ಕುದುರೆಯನ್ನು ಎಳೆದಾಗ ಕೊಕ್ಕೆ ಜಾರುತ್ತದೆ, ಹೊಡೆತ ಬೀಳುತ್ತದೆ. ಬೆರಳಿಗೆ ತಾಗುವ 'ಗಡುಸು' ಎಂಬುದು ಒಂದೇ ಜಾಗದಿಂದ ಬಂದದ್ದಲ್ಲ. ಕುದುರೆಯನ್ನು ಮುಂದಕ್ಕೆ ಒತ್ತುವ ಸ್ಪ್ರಿಂಗು, ಕೊಕ್ಕೆಯ ಸ್ಪ್ರಿಂಗು, ಹೊಡೆಮೊಳೆಯ ಸ್ಪ್ರಿಂಗು, ಎರಡು ಲೋಹದ ಮುಖಗಳ ಉಜ್ಜಾಟ, ಇವೆಲ್ಲ ಕೂಡಿದ ಮೊತ್ತ ಅದು. ಹಗುರ ಮಾಡುವವನು ಇವುಗಳಲ್ಲಿ ಯಾವುದಾದರೊಂದರಿಂದ ಕಳೆಯಲೇಬೇಕು. ನಮ್ಮ ಹಿರಿಯರು ಕೇಳಿದ ಪ್ರಶ್ನೆಯ ಮರ್ಮ ಇದು.

ಹಗುರ ಮಾಡುವ ಆಸೆ ಹುಚ್ಚಲ್ಲ ಎಂಬುದನ್ನೂ ಹೇಳಬೇಕು. ಬೆರಳು ಬಲವಾಗಿ ಎಳೆದರೆ ಕೈ ಅಲುಗುತ್ತದೆ, ಕೈ ಅಲುಗಿದರೆ ಗುರಿ ತಪ್ಪುತ್ತದೆ. ಆದ್ದರಿಂದಲೇ ಸ್ಪರ್ಧೆಯ ಪಿಸ್ತೂಲುಗಳ ಕುದುರೆ ಬಹಳ ಮೃದು. ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರಿನ ಗಾಳಿ ಪಿಸ್ತೂಲಿನ ಕುದುರೆ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು. 25 ಮೀಟರಿನ ಸ್ಪರ್ಧೆಯಲ್ಲಿ 1000 ಗ್ರಾಂ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2016ರ ರಿಯೊ ಒಲಿಂಪಿಕ್ಸಿನಲ್ಲಿ ಪಾಲುಗೊಂಡ 50 ಮೀಟರಿನ ಪಿಸ್ತೂಲಿಗಾದರೋ ಕನಿಷ್ಠ ಮಿತಿಯೆಂಬುದೇ ಇರಲಿಲ್ಲ. ಆದರೆ ಅಲ್ಲಿಯ ವ್ಯವಸ್ಥೆಯನ್ನು ನೋಡಿ. ಅಪ್ಪಣೆಯಾಗುವವರೆಗೆ ತೋಟಾ ಹಾಕುವಂತಿಲ್ಲ. ನಳಿಗೆ ಗುರಿಹಲಗೆಯ ಕಡೆಗೇ ಇರಬೇಕು. ಆಟ ಮುಗಿದೊಡನೆ ಖಾಲಿ ಮಾಡಿ ತೋರಿಸಬೇಕು. ಅದನ್ನು ಯಾರೂ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋಗುವುದಿಲ್ಲ, ತಲೆದಿಂಬಿನ ಪಕ್ಕ ಇಟ್ಟು ಮಲಗುವುದಿಲ್ಲ. ಕುದುರೆಯಲ್ಲಿ ಕಳೆದ ರಕ್ಷಣೆಯನ್ನು ಅಂಗಳದ ಕಟ್ಟುನಿಟ್ಟು ತುಂಬಿಕೊಡುತ್ತದೆ. ಮನೆಯ ಪಿಸ್ತೂಲಿಗೆ ಅಂಥ ಅಂಗಳವಿಲ್ಲ.

ಜಾನ್ ಬ್ರೌನಿಂಗ್ ರೂಪಿಸಿ 1911ರಲ್ಲಿ ಅಮೆರಿಕಾದ ಸೈನ್ಯ ಅಂಗೀಕರಿಸಿದ ಪಿಸ್ತೂಲು ಇಂದಿಗೂ ಆ ದೇಶದಲ್ಲಿ ಬಹು ಪ್ರಿಯ. ಮನೆಯಲ್ಲಿ ಬಿಚ್ಚಿ ಕೈಯಾಡಿಸುವವರಿಗೂ ಅಷ್ಟೇ ಪ್ರಿಯ. ಅದರ ಸುತ್ತಿಗೆಯ ಕಚ್ಚಿನಲ್ಲಿ ತಡೆಕೊಕ್ಕೆ ಕೂತಿರುವ ಆಳ ಸುಮಾರು ಅರ್ಧ ಮಿಲಿಮೀಟರು, ಒಂದು ಓಲೆಗರಿಯ ದಪ್ಪ. ಆ ಮುಖಗಳನ್ನು ಉಜ್ಜಿ ನುಣುಪು ಮಾಡಿದರೆ ಕುದುರೆ ಮೆದುವಾಗುವುದು ನಿಜ. ಆದರೆ ಕೋನ ಒಂದಿಷ್ಟು ಓರೆಯಾದರೂ ಕೊಕ್ಕೆ ತಾನಾಗಿ ಜಾರುವುದಕ್ಕೆ ದಾರಿಯಾಗುತ್ತದೆ. ಕಾಯಿಸಿ ಗಟ್ಟಿ ಮಾಡಿದ ಲೋಹದಲ್ಲಿ ಆ ಗಟ್ಟಿತನ ಕೆಲವೊಮ್ಮೆ ಮೇಲಿನ ತೆಳು ಪದರದಲ್ಲಿ ಮಾತ್ರ ಇರುತ್ತದೆ. ಅದು ಉಜ್ಜಿ ಹೋದರೆ ಒಳಗಿನ ಮೆದು ಲೋಹ ಬೇಗ ಸವೆಯುತ್ತದೆ. ಇಂದು ಸರಿಯಾಗಿದ್ದದ್ದು ಇನ್ನೂರು ಈಡು ಹೊಡೆದ ಮೇಲೆ ಸರಿಯಿರದು. ಆಗ ಏನಾಗುತ್ತದೆ? ಗುಂಡು ಹಾರಿದಾಗ ಸ್ಲೈಡು ಹಿಂದೆ ಹೋಗಿ ಹೊಸ ತೋಟಾವನ್ನು ತುಂಬಿಕೊಂಡು ಮುಂದೆ ಬಂದು ಬಡಿಯುತ್ತದೆ. ಆ ಬಡಿತದ ಅದುರಿಗೆ ಕೊಕ್ಕೆ ಜಾರಿ ಸುತ್ತಿಗೆ ಹಿಂದೆಯೇ ಬಿದ್ದುಬಿಡುತ್ತದೆ. ಒಮ್ಮೆ ಎಳೆದವನಿಗೆ ಎರಡು ಈಡು ಹಾರಬಹುದು. ಎರಡನೆಯದು ಹಾರುವಾಗ ಕೈ ಮೇಲಕ್ಕೆದ್ದಿರುತ್ತದೆ, ಗುರಿ ಎಲ್ಲಿಯೋ ಇರುತ್ತದೆ.

ಅದೇ ಪಿಸ್ತೂಲಿನಲ್ಲಿ ಮೂರು ಎಲೆಗಳಾಗಿ ಸೀಳಿದ ಒಂದು ಚಪ್ಪಟೆ ಸ್ಪ್ರಿಂಗಿದೆ. ಒಂದು ಎಲೆ ತಡೆಕೊಕ್ಕೆಯನ್ನು ಒತ್ತಿ ಹಿಡಿಯುತ್ತದೆ. ನಡುವಿನದು ಕುದುರೆಯನ್ನೂ, ಒಂದೆಳೆತಕ್ಕೆ ಒಂದೇ ಈಡು ಎಂಬ ಕಟ್ಟಳೆಯನ್ನು ನಡೆಸುವ ಕೀಲನ್ನೂ ನೋಡಿಕೊಳ್ಳುತ್ತದೆ. ಮೂರನೆಯದು ಹಿಡಿಯ ಹಿಂದಿನ ರಕ್ಷಣೆಯದು. ಅಂಗೈ ಒತ್ತದೆ ಗುಂಡು ಹಾರದಿರುವುದು ಅದರಿಂದ. ಮೆದು ಮಾಡುವ ಆತುರದಲ್ಲಿ ಎಲೆಯೊಂದನ್ನು ಬಗ್ಗಿಸಿದವನು ಬೆರಳಿನ ಸುಖವನ್ನಷ್ಟೇ ಮುಟ್ಟಿದೆನೆಂದು ತಿಳಿಯುತ್ತಾನೆ. ಮುಟ್ಟಿದ್ದು ಮೂವರು ಕಾವಲುಗಾರರಲ್ಲಿ ಒಬ್ಬನನ್ನು. 1983ರಿಂದ ಕೋಲ್ಟ್ ಕಂಪನಿಯವರು ಈ ಪಿಸ್ತೂಲಿಗೆ ಇನ್ನೊಂದು ತಡೆಯನ್ನು ಕೂಡಿಸಿದರು. ಕುದುರೆ ಎಳೆಯದ ಹೊರತು ಹೊಡೆಮೊಳೆ ಮುಂದೆ ಹೋಗದಂತೆ ಅದು ಅಡ್ಡ ನಿಲ್ಲುತ್ತದೆ. ಪಿಸ್ತೂಲು ಮೂತಿ ಕೆಳಗಾಗಿ ಬಿದ್ದಾಗ ಮೊಳೆ ತನ್ನ ವೇಗಕ್ಕೇ ಮುನ್ನುಗ್ಗಿ ಕೇಪನ್ನು ಕುಟ್ಟದಿರಲಿ ಎಂಬುದು ಉದ್ದೇಶ. ಇದರಿಂದ ಎಳೆತ ಸ್ವಲ್ಪ ಗಡುಸಾಯಿತೆಂದು ಆ ತಡೆಯನ್ನೇ ಕಿತ್ತು ಹಾಕುವವರು ಇದ್ದಾರೆ! ಕಿತ್ತ ಮೇಲೆ ಪಿಸ್ತೂಲು ಮೊದಲಿನಂತೆಯೇ ಹೊಡೆಯುತ್ತದೆ. ಏನೋ ಕಳೆದುಹೋಗಿದೆ ಎಂಬ ಸೂಚನೆಯನ್ನು ಅದು ಕೊಡುವುದಿಲ್ಲ.

ನನ್ನ ಶಿಷ್ಯನದು ಇಷ್ಟು ಹಳೆಯ ಜಾತಿಯದಲ್ಲ, ಆಸ್ಟ್ರಿಯಾದ ಗ್ಲಾಕ್. 1982ರಲ್ಲಿ ಆ ದೇಶದ ಸೈನ್ಯ ಇದನ್ನು ಅಂಗೀಕರಿಸಿತು; ಆಮೇಲೆ ಜಗತ್ತಿನ ಎಷ್ಟೋ ಪೋಲೀಸು ಪಡೆಗಳು ಹಿಡಿದವು. ಇದರಲ್ಲಿ ಹೆಬ್ಬೆರಳಿನಿಂದ ಏರಿಸಿ ಇಳಿಸುವ ತಡೆಗುಂಡಿ ಇಲ್ಲ. ಕಾವಲೆಲ್ಲ ಒಳಗೇ ಇದೆ. ಕುದುರೆಯ ಮುಖದಲ್ಲಿ ಒಂದು ಕಿರುನಾಲಗೆ. ಬೆರಳು ಅದನ್ನೂ ಕೂಡಿಸಿ ಒತ್ತಿದರೆ ಮಾತ್ರ ಕುದುರೆ ಹಿಂದೆ ಬರುತ್ತದೆ. ಹೊಡೆಮೊಳೆಗೆ ಅಡ್ಡವಾಗಿ ಒಂದು ಗೂಟ. ಕುದುರೆ ಹಿಂದೆ ಬರುತ್ತಿದ್ದಂತೆ ಆ ಗೂಟ ಮೇಲೇಳುತ್ತದೆ. ಮೂರನೆಯದು ಕುದುರೆಗೆ ಅಂಟಿದ ಉದ್ದನೆಯ ಪಟ್ಟಿಯ ತುದಿ. ಶಿಲುಬೆಯ ಆಕಾರದ ಆ ತುದಿಯ ತೋಳು ಒಂದು ಅಂಚಿನ ಮೇಲೆ ಕೂತಿರುತ್ತದೆ. ಅಂಚನ್ನು ದಾಟುವಷ್ಟು ಹಿಂದೆ ಬಂದ ಮೇಲಷ್ಟೇ ಅದು ಕೆಳಗಿಳಿದು ಮೊಳೆಯನ್ನು ಬಿಡಬಲ್ಲುದು. ಪಿಸ್ತೂಲು ಕೆಳಗೆ ಬಿದ್ದಾಗ ಕಾಯುವ ಕಾವಲು ಇದು.

ಈ ಮೂರಕ್ಕೂ ಕಾಲಮಾನವನ್ನು ಕೊಡುವುದು ಕುದುರೆಯ ನಡಿಗೆಯೇ. ಅದು ಎಷ್ಟು ದೂರ ಬಂದಾಗ ಯಾವ ಕಾವಲು ಬಿಡಬೇಕು ಎಂಬುದನ್ನು ಮೂಲ ಕಂಪನಿ ಗೊತ್ತುಮಾಡಿರುತ್ತದೆ. ಹೊರಗಿನ ಬಿಡಿಭಾಗಗಳಲ್ಲಿ ಕೆಲವು ಈ ನಡಿಗೆಯನ್ನು ಮೊಟಕು ಮಾಡುತ್ತೇವೆಂದೇ ಜಾಹೀರಾತು ಕೊಡುತ್ತವೆ. ಕುದುರೆ ಮೊದಲೇ ಸ್ವಲ್ಪ ಹಿಂದಕ್ಕೆ ಸರಿದು ನಿಂತಿರುತ್ತದೆ, ಬೆರಳು ಕಡಿಮೆ ದೂರ ಎಳೆದರೆ ಸಾಕು. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕುದುರೆ ಹಿಂದೆ ಸರಿದು ನಿಂತಿತೆಂದರೆ ಶಿಲುಬೆಯ ತೋಳು ಅಂಚಿನ ಕೊನೆಗೆ ಹತ್ತಿರವಾಯಿತು. ಗೂಟವೂ ಅರೆಬರೆ ಮೇಲೆದ್ದಿರಬಹುದು. ಬಾಗಿಲ ಅಗಣಿಯನ್ನು ಮುಕ್ಕಾಲು ಭಾಗ ಸರಿಸಿಟ್ಟು, 'ನೋಡಿ, ಎಷ್ಟು ಸಲೀಸಾಗಿ ತೆರೆಯುತ್ತದೆ' ಎಂದಂತೆ. ಇದರ ಜೊತೆಗೆ ಗೂಟದ ಸ್ಪ್ರಿಂಗನ್ನೂ ಮೆದುವಾದದ್ದಕ್ಕೆ ಬದಲಾಯಿಸಿದ್ದರೆ, ಒಂದಿಷ್ಟು ಕಸ ಸೇರಿದಾಗ ಅದು ಪೂರ್ತಿ ಕೆಳಗಿಳಿಯದೆ ಉಳಿಯಬಹುದು. ಹೊಡೆಮೊಳೆಯ ಸ್ಪ್ರಿಂಗು ಮೆದುವಾದರೆ ಕೇಡು ಬೇರೆ ಬಗೆಯದು: ಕುಟ್ಟು ಸಾಲದೆ ತೋಟಾ ಹಾರುವುದಿಲ್ಲ. ಆತ್ಮರಕ್ಷಣೆಗೆಂದು ಇಟ್ಟುಕೊಂಡವನಿಗೆ ಆ 'ಟಿಕ್' ಸದ್ದು ಎಷ್ಟು ದೊಡ್ಡದೆಂಬುದನ್ನು ನೀವೇ ಊಹಿಸಿ. ಹಾರದ ತೋಟಾ ತುಸು ತಡೆದು ಹಾರುವುದೂ ಉಂಟು. ಹಾರಲಿಲ್ಲವೆಂದು ಮೂತಿಯನ್ನು ತನ್ನತ್ತ ತಿರುಗಿಸಿ ನೋಡುವವನ ಗತಿಯೇನು!

ವ್ಯಾಕರಣದಲ್ಲಿ ನಾವು ಆದೇಶ ಸಂಧಿಯೆಂದು ಹೇಳಿಕೊಡುತ್ತೇವೆ. ಮಳೆ, ಕಾಲ ಕೂಡಿದರೆ ಮಳೆಗಾಲ. ಕಕಾರ ಹೋಗಿ ಅದರ ಜಾಗಕ್ಕೆ ಗಕಾರ ಬರುತ್ತದೆ. ಆದರೆ ಯಾವ ಅಕ್ಷರ, ಯಾವ ಜಾಗದಲ್ಲಿ, ಯಾವುದರ ಮುಂದೆ ಎಂಬುದಕ್ಕೆ ಸೂತ್ರವಿದೆ. ಅಕ್ಷರಗಳು ನೋಡಲು ಒಂದೇ ಗಾತ್ರವಾಗಿವೆ ಎಂದು ಯಾವುದನ್ನೋ ತಂದು ಕೂಡಿಸುವಂತಿಲ್ಲ. ಬಿಡಿಭಾಗ ಮಾರುವವರು 'ಸರಿಯಾಗಿ ಕೂರುತ್ತದೆ' ಎನ್ನುವುದು ಗಾತ್ರದ ಮಾತು. ಕೂತ ಮೇಲೆ ಉಳಿದವುಗಳೊಡನೆ ಹೇಗೆ ವರ್ತಿಸುತ್ತದೆ ಎಂಬುದು ಸೂತ್ರದ ಮಾತು. ಎರಡು ಬೇರೆ ಬೇರೆ ಕಂಪನಿಗಳ ಭಾಗಗಳನ್ನು ಒಟ್ಟಿಗೆ ಹಾಕಿದಾಗಂತೂ ಆ ಜೋಡಣೆಯನ್ನು ಪರೀಕ್ಷಿಸಿದವರು ಯಾರೂ ಇರುವುದಿಲ್ಲ, ಹಾಕಿದವನ ಹೊರತು.

ಹೆಸರಾಂತ ಕಂಪನಿಯ ಸ್ವಂತ ಜೋಡಣೆಯೂ ಮೋಸಹೋಗಬಲ್ಲುದು ಎಂಬುದಕ್ಕೆ 2017ರ ಸಂಗತಿಯೊಂದಿದೆ. ಸಿಗ್ ಸಾವರ್ ಕಂಪನಿಯ ಪಿ320 ಎಂಬ ಪಿಸ್ತೂಲು ಅಮೆರಿಕಾದ ರೂಢಿಯ ಬೀಳಿಕೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿತ್ತು. ಆದರೆ ಒಂದು ಓರೆ ಕೋನದಲ್ಲಿ, ಹಿಂಭಾಗ ನೆಲಕ್ಕೆ ಬಡಿಯುವಂತೆ ಬಿದ್ದಾಗ ತಾನಾಗಿ ಹಾರುತ್ತದೆಂದು ಆ ವರ್ಷ ಹೊರಬಿತ್ತು. ಕಾರಣ ನಮ್ಮ ಬಸ್ಸಿನಲ್ಲಿ ದಿನವೂ ನಡೆಯುವುದೇ. ಬಸ್ಸು ಗಕ್ಕನೆ ನಿಂತರೆ ನಿಂತವರು ಮುಂದಕ್ಕೆ ವಾಲುತ್ತಾರೆ. ಪಿಸ್ತೂಲು ನೆಲಕ್ಕೆ ಬಡಿದು ನಿಂತಿತು. ಒಳಗಿನ ಕುದುರೆ ತನ್ನ ತೂಕದ ಜಡತ್ವದಿಂದ ನಡೆದೇ ನಡೆಯಿತು, ಅಂದರೆ ತನ್ನನ್ನು ತಾನೇ ಎಳೆದುಕೊಂಡಿತು. ಆಗಸ್ಟ್ ತಿಂಗಳಲ್ಲಿ ಕಂಪನಿ ಮಾರಿದ ಪಿಸ್ತೂಲುಗಳನ್ನು ತಿದ್ದಿಕೊಡುತ್ತೇವೆಂದು ಸಾರಿತು. ತಿದ್ದಿದ್ದರಲ್ಲಿ ಮುಖ್ಯವಾದದ್ದು ಕುದುರೆಯ ಸ್ವಂತ ತೂಕವನ್ನು ಇಳಿಸಿದ್ದು. ಹೊಡೆಮೊಳೆ, ತಡೆಕೊಕ್ಕೆಗಳನ್ನೂ ಹಗುರ ಮಾಡಿದರು.

ಇಲ್ಲಿ ಹಗುರ ಎಂಬ ಒಂದೇ ಮಾತಿಗೆ ಎರಡು ಅರ್ಥವಾದದ್ದನ್ನು ಗಮನಿಸಬೇಕು. ಬೆರಳಿಗೆ ಹಗುರವಾಗಿ ಬರುವ ಕುದುರೆ ಬೇರೆ, ತಕ್ಕಡಿಯಲ್ಲಿ ಹಗುರವಾಗಿ ತೂಗುವ ಕುದುರೆ ಬೇರೆ. ಚೆಂದಕ್ಕೆಂದು ಪ್ಲಾಸ್ಟಿಕಿನದನ್ನು ತೆಗೆದು ಲೋಹದ ಕುದುರೆಯನ್ನು ಹಾಕಿ, ಅದರ ಹಿಂದಿನ ಸ್ಪ್ರಿಂಗುಗಳನ್ನು ಮೆದು ಮಾಡಿದವನು ಬಸ್ಸಿನ ಪ್ರಯಾಣಿಕನನ್ನು ದಪ್ಪಗೆ ಮಾಡಿ, ಅವನು ಹಿಡಿದುಕೊಳ್ಳುವ ಕಂಬಿಯನ್ನು ಸಡಿಲಿಸಿದಂತಾಯಿತು.

ಮನೆಯಲ್ಲಿ ಜೋಡಿಸಿದವನು ತಾನೂ ಪರೀಕ್ಷೆ ಮಾಡುತ್ತೇನೆ ಎನ್ನುತ್ತಾನೆ. ಖಾಲಿ ಪಿಸ್ತೂಲನ್ನು ಹತ್ತು ಸಲ ಎಳೆದು ನೋಡುತ್ತಾನೆ, ಗುರಿ ಅಂಗಳಕ್ಕೆ ಹೋಗಿ ಐವತ್ತು ಈಡು ಹೊಡೆಯುತ್ತಾನೆ. ಅದರಿಂದ ತಿಳಿಯುವುದು ಎಳೆದರೆ ಹಾರುತ್ತದೆಯೆಂದು ಮಾತ್ರ. ಎಳೆಯದಿದ್ದರೆ ಹಾರುವುದಿಲ್ಲವೆಂದು ಹೇಗೆ ತಿಳಿಯಬೇಕು? ಕ್ಯಾಲಿಫೋರ್ನಿಯಾ ಸಂಸ್ಥಾನದ ಕಾನೂನಿನ ಪರೀಕ್ಷೆಯಲ್ಲಿ ಪಿಸ್ತೂಲನ್ನು ಒಂದು ಮೀಟರು ಒಂದು ಸೆಂಟಿಮೀಟರು ಎತ್ತರದಿಂದ ಕಾಂಕ್ರೀಟಿನ ಮೇಲೆ ಬೀಳಿಸುತ್ತಾರೆ: ನೇರವಾಗಿ, ತಲೆಕೆಳಗಾಗಿ, ಹಿಡಿಯ ಮೇಲೆ, ಮೂತಿಯ ಮೇಲೆ, ಪಕ್ಕಕ್ಕೆ, ಹಿಂಭಾಗದ ಮೇಲೆ. ಇಷ್ಟೆಲ್ಲ ನಡೆದ ಮೇಲೆಯೂ ಒಂದು ಓರೆ ಕೋನ ತಪ್ಪಿಸಿಕೊಳ್ಳಬಲ್ಲುದೆಂಬುದನ್ನು ಈಗ ತಾನೆ ಕಂಡೆವು. ಕಂಪನಿ ಮಾಡಿಸಿದ ಪರೀಕ್ಷೆ ಆ ಕಂಪನಿಯ ಭಾಗಗಳಿದ್ದ ಪಿಸ್ತೂಲಿಗೆ ಆದದ್ದು. ಭಾಗ ಬದಲಾದಾಗ ಆ ತೇರ್ಗಡೆಯ ಪತ್ರ ಹಳೆಯ ವಿದ್ಯಾರ್ಥಿಯದಾಯಿತು. ಹೊಸಬನು ಪರೀಕ್ಷೆಗೆ ಕೂತೇ ಇಲ್ಲ. ಅಮೆರಿಕಾದಲ್ಲಿ 1972ರಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆ ಒಂದು ಆಯೋಗವನ್ನು ಕಾನೂನಿನಿಂದ ಮಾಡಿದಾಗ ಬಂದೂಕು ಪಿಸ್ತೂಲುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟರು. ಮಕ್ಕಳ ಆಟಿಕೆಯನ್ನು ಹಿಂದಕ್ಕೆ ತರಿಸಬಲ್ಲ ಆಯೋಗ ಪಿಸ್ತೂಲನ್ನು ತರಿಸಲಾರದು.

ಇದುವರೆಗೆ ಹೇಳಿದ್ದು ಯಂತ್ರದ ದೋಷ. ಭಾಗಗಳೆಲ್ಲ ದೋಷವಿಲ್ಲದೆ ಕೂತಿದ್ದರೂ ಬೆರಳು ಉಳಿಯುತ್ತದೆ. ಎಡವಿದಾಗ, ಬೆಚ್ಚಿದಾಗ, ಇನ್ನೊಂದು ಕೈಯಿಂದ ಏನನ್ನೋ ಬಲವಾಗಿ ಹಿಡಿದಾಗ ಮನುಷ್ಯನ ಬೆರಳುಗಳು ಅವನನ್ನು ಕೇಳದೆ ಮುದುಡುತ್ತವೆ. ಗ್ಲಾಕಿನ ಕುದುರೆಗೆ ಮೂಲದಲ್ಲಿ ಬೇಕಾದ ಎಳೆತ ಸುಮಾರು ಎರಡೂವರೆ ಕಿಲೋ. ನ್ಯೂಯಾರ್ಕ್ ನಗರದ ಪೋಲೀಸರು ಇದೂ ಕಡಿಮೆಯೆಂದು ದಶಕಗಳ ಕಾಲ ಸುಮಾರು ಐದೂವರೆ ಕಿಲೋ ಎಳೆತದ ಕುದುರೆಯನ್ನು ಬಳಸಿದರು. ಅತಿ ಗಡುಸಿಗೂ ಬೆಲೆಯಿದೆ. 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಅದೇ ಪೋಲೀಸರು ಒಬ್ಬ ಕೊಲೆಗಾರನತ್ತ ಹೊಡೆದಾಗ ದಾರಿಹೋಕರು ಒಂಬತ್ತು ಮಂದಿಗೆ ಗಾಯವಾಯಿತು. ಗಡುಸು ಕುದುರೆಯಿಂದ ಗುರಿ ಕೆಟ್ಟಿತೆಂದು ಆಗ ಕೆಲವರು ಆಕ್ಷೇಪಿಸಿದರು. ಎಷ್ಟು ಭಾರ ಸರಿ ಎಂಬ ಚರ್ಚೆ ಬಲ್ಲವರಲ್ಲಿಯೇ ಮುಗಿದಿಲ್ಲ. ಅಂಥದ್ದನ್ನು ಊಟದ ಮೇಜಿನ ಮೇಲೆ ಒಂದು ಗಂಟೆಯಲ್ಲಿ ತೀರ್ಮಾನಿಸುವುದು ಹೇಗೆ? ಮಕ್ಕಳಿರುವ ಮನೆಯಲ್ಲಿ ಇನ್ನೂ ಒಂದು ಲೆಕ್ಕವಿದೆ. ದೊಡ್ಡವರ ಬೆರಳಿಗೆ ಬೆಣ್ಣೆಯಾದದ್ದು ಆರು ವರ್ಷದ ಬೆರಳಿಗೂ ಬೆಣ್ಣೆಯೇ. ಗಡುಸು ಕುದುರೆಯೇ ಮಗುವನ್ನು ಕಾಯುತ್ತದೆಂದು ನಾನು ಹೇಳುತ್ತಿಲ್ಲ. ಕಾಯುವುದು ಬೀಗ ಹಾಕಿದ ಪೆಟ್ಟಿಗೆ, ಬೇರೆ ಜಾಗದಲ್ಲಿಟ್ಟ ತೋಟಾ. ಆದರೆ ಬೀಗ ಮರೆತ ಒಂದು ದಿನ ಎರಡೂವರೆ ಕಿಲೋವಿಗೂ ಒಂದು ಕಿಲೋವಿಗೂ ಇರುವ ಅಂತರ ಸಣ್ಣದಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. 1959ರ ಆಯುಧಗಳ ಕಾಯಿದೆಯ 5ನೆಯ ವಿಧಿಯಂತೆ ಬಂದೂಕು ಪಿಸ್ತೂಲುಗಳ ರಿಪೇರಿಯನ್ನಾಗಲಿ ಮಾರ್ಪಾಟನ್ನಾಗಲಿ ಕಸುಬಾಗಿ ಮಾಡುವವನಿಗೆ ಅದಕ್ಕೆಂದೇ ಲೈಸೆನ್ಸು ಬೇಕು. ಇಲ್ಲಿ ಲೈಸೆನ್ಸಿನ ಮೇಲೆ ಪಿಸ್ತೂಲು ಇಟ್ಟುಕೊಂಡವರು ಅದರ ಕುದುರೆ ಗಡುಸೆನಿಸಿದರೆ ಅಂಥವರ ಬಳಿಗೇ ಹೋಗಬೇಕು. ಅಲ್ಲಿರುವ ನಮ್ಮ ಮಕ್ಕಳಿಗೆ ಆ ಕಟ್ಟಿಲ್ಲ. ಬೇಕಾದ ಭಾಗವನ್ನು ಅಂಚೆಯವನೇ ಬಾಗಿಲಿಗೆ ತಂದು ಕೊಡುತ್ತಾನೆ.

ಶಿಷ್ಯನಿಗೆ ಇಷ್ಟನ್ನೂ ಬರೆಯಲಿಲ್ಲ. ನಮ್ಮ ಹಿರಿಯರು ಹೇಳಿದ್ದನ್ನಷ್ಟೇ ಬರೆದೆ. ತೋಟಾ ತೆಗೆ; ನಳಿಗೆಯೊಳಗೆ ಉಳಿದಿಲ್ಲವೆಂದು ಕಣ್ಣಿನಿಂದ ನೋಡು, ಬೆರಳಿನಿಂದ ಮುಟ್ಟಿ ನೋಡು. ಆಮೇಲೆ ಅದನ್ನು ಮೇಜಿನ ಮೇಲೆ ಬಿಚ್ಚಬೇಡ, ಆ ಕಂಪನಿಯ ಪಿಸ್ತೂಲನ್ನು ಬಲ್ಲ ಕೆಲಸಗಾರನಿಗೆ ಕೊಡು. ಹಳೆಯ ಭಾಗಗಳಿದ್ದರೆ ಅವನ್ನೇ ಮತ್ತೆ ಹಾಕಿಸು, ಇಲ್ಲದಿದ್ದರೆ ಕಂಪನಿಯಿಂದಲೇ ತರಿಸು. ಗಡುಸು ತೋರಿದರೆ ಖಾಲಿ ಪಿಸ್ತೂಲಿನಲ್ಲಿ ದಿನವೂ ಸಾಧನೆ ಮಾಡು, ಬೆರಳು ಪಳಗುತ್ತದೆ.

ಹತ್ತು ದಿನಕ್ಕೆ ಉತ್ತರ ಬಂತು. ಹಳೆಯ ಭಾಗಗಳನ್ನು ಎಸೆದಿರಲಿಲ್ಲವಂತೆ. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಗುಂಡಿ ದಾರಗಳ ಜೊತೆಗೆ ಸಿಕ್ಕಿದುವಂತೆ. ಶನಿವಾರ ಡಬ್ಬಿಯನ್ನೂ ಪಿಸ್ತೂಲನ್ನೂ ಕೆಲಸಗಾರನ ಬಳಿಗೆ ಒಯ್ಯುತ್ತೇನೆ ಎಂದು ಬರೆದಿದ್ದಾನೆ. ಕಾಗದದ ಕೆಳಗೆ ಮಗು ತನ್ನ ಕೈಯಿಂದಲೇ ಒಂದು ಸಾಲು ಬರೆದಿದೆ, ಆ ಕುದುರೆಗೆ ಹುಲ್ಲು ಯಾರು ಹಾಕುತ್ತಾರೆ ಎಂದು. 'ಹುಲ್ಲು' ಎಂಬಲ್ಲಿ ಲಕಾರದ ಒತ್ತು ಬಿಟ್ಟುಹೋಗಿದೆ. ತಿದ್ದಿ ಕಳುಹಿಸಬೇಕು, ಹುಲ್ಲಿನ ಪ್ರಶ್ನೆಗೆ ಉತ್ತರವನ್ನು ಇನ್ನೂ ಯೋಚಿಸುತ್ತಿದ್ದೇನೆ.